ಅರ್ಧ ಹೆಜ್ಜೆ ಹಿಂದೆ ನಡೆಯುವ ಅತ್ತಿಗೆ

ಅತ್ತಿಗೆ ಯಾರೊಡನೆಯೂ ಸರಿಸಮನಾಗಿ ನಡೆದವರಲ್ಲ. ಜೊತೆಯಲ್ಲಿರುವವರು ಗಂಡನಾಗಲಿ, ಗೆಳತಿಯಾಗಲಿ, ಆಸ್ಪತ್ರೆಯ ಮುಖ್ಯ ವೈದ್ಯರೇ ಆಗಲಿ, ಅವರಿಗಿಂತ ಅರ್ಧ ಹೆಜ್ಜೆ ಹಿಂದೆ, ತುಸು ಪಕ್ಕಕ್ಕೆ ಸರಿದು, ಎರಡೂ ಕೈಗಳನ್ನು ಖಾಲಿ ಬಿಟ್ಟುಕೊಂಡು ನಡೆಯುವುದು ಅವರ ರೂಢಿ. ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ ಇದನ್ನು ಕಂಡು ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಮ್ಮಮ್ಮ. ಓದಿದವಳು, ದುಡಿಯುವವಳು, ಆದರೂ ಅತ್ತೆಯನ್ನು ದಾಟಿ ಒಂದು ಹೆಜ್ಜೆ ಮುಂದಿಡುವುದಿಲ್ಲವಲ್ಲ ಎಂದು ನೆರೆಹೊರೆಯವರ ಮುಂದೆಲ್ಲ ಸೊಸೆಯ ವಿನಯವನ್ನು ಬಣ್ಣಿಸಿ ಬಂದಳು. ಆ ಹಿಗ್ಗು ಬಹಳ ಕಾಲ ಬಾಳಲಿಲ್ಲ. ಒಂದು ಸಂಜೆ ಇಬ್ಬರೂ ಮಾರುಕಟ್ಟೆಯಿಂದ ಹಿಂತಿರುಗಿ ಹೊಸ್ತಿಲು ದಾಟುತ್ತಿದ್ದಂತೆ ಅತ್ತಿಗೆ, ಹವಾಮಾನದ ಮಾತಾಡುವಷ್ಟೇ ಸಹಜವಾಗಿ, ಕೇಳಿದರು: “ಅತ್ತೆ, ಎಡ ಮಂಡಿ ಯಾವಾಗಿನಿಂದ ನೋಯ್ತಿದೆ? ಹೇಳೇ ಇಲ್ವಲ್ಲ ನೀವು.”

ಆ ನೋವನ್ನು ಅಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತರಕಾರಿ ಚೀಲವನ್ನು ಮೇಜಿನ ಮೇಲಿಟ್ಟು, ಅಡುಗೆಮನೆಯಲ್ಲಿ ನನ್ನನ್ನು ಮೂಲೆಗೆ ಕರೆದು, ದನಿ ತಗ್ಗಿಸಿ ಹೇಳಿದಳು: “ವಿನಯ ಅಲ್ಲ ಕಣೋ ಅದು, ಪಹರೆ.”

ಅಮ್ಮನ ಮಾತು ಸುಳ್ಳಲ್ಲ. ಅತ್ತಿಗೆ ದೊಡ್ಡ ಆಸ್ಪತ್ರೆಯೊಂದರ ವೃದ್ಧರ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್. ವಯಸ್ಸಾದವರಲ್ಲಿ ಯಾರು ಬೀಳುವ ಸಂಭವ ಹೆಚ್ಚು, ಯಾವ ಕಾರಣಕ್ಕೆ ಬೀಳಬಹುದು, ಅದನ್ನು ತಪ್ಪಿಸಲು ಏನು ಮಾಡಬಹುದು ಎಂದು ಪರೀಕ್ಷಿಸಿ ಹೇಳುವುದು ಅವರ ಕಸುಬು. ಮುಂದೆ ನಡೆದರೆ ರೋಗಿಯ ಹಿಮ್ಮಡಿ ಕಾಣುವುದಿಲ್ಲ; ಪಕ್ಕದಲ್ಲೇ ನಡೆದರೆ ಸೊಂಟದ ಓಲಾಟ ಕಾಣುವುದಿಲ್ಲ; ತೀರ ಹಿಂದುಳಿದರೆ, ವಾಲಿದವರನ್ನು ಹಿಡಿಯಲು ಕೈ ಎಟಕುವುದಿಲ್ಲ. ಎಲ್ಲವನ್ನೂ ಕಾಣುವ, ಎಲ್ಲಕ್ಕೂ ಒದಗುವ ಜಾಗವೊಂದೇ, ಅದು ಅರ್ಧ ಹೆಜ್ಜೆ ಹಿಂದೆ. ವರ್ಷಾನುಗಟ್ಟಲೆ ಆ ಜಾಗದಲ್ಲಿ ನಡೆದು ನಡೆದು, ಈಗ ಬೇರೆ ಕಡೆ ನಡೆಯಲು ಅವರಿಗೆ ಬರುವುದೇ ಇಲ್ಲ. ಒಬ್ಬರೇ ನಡೆಯುವಾಗ ಮಾತ್ರ ಧಡಧಡ ಹಿಮ್ಮಡಿ ಊರಿ, ಗುಡುಗು ಬಂದಂತೆ ಬರುತ್ತಾರೆ. ಅವರು ಬೀದಿಯ ತಿರುವಿನಲ್ಲಿರುವಾಗಲೇ ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಾಳೆ.

ಅವರ ಕೆಲಸದ ಕೋಣೆ ಹಿಂದೊಮ್ಮೆ ಆಸ್ಪತ್ರೆಯ ಹೊದಿಕೆ ಹಾಸಿಗೆಗಳ ಉಗ್ರಾಣವಾಗಿತ್ತಂತೆ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಂಬಿ, ಒಂದು ತುದಿಯಲ್ಲಿ ಗಟ್ಟಿ ಮರದ ಕುರ್ಚಿ, ಅದರಿಂದಾಚೆ ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿ, ಮೂಲೆಯಲ್ಲಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ, ಎಲ್ಲಿಗೂ ಹೋಗದ ಮರದ ಮೆಟ್ಟಿಲುಗಳು. ಅಲ್ಲಿ ಎಲ್ಲರಂತೆ ಇವರೂ ಬಿಳಿ ಕೋಟು ತೊಡುತ್ತಾರೆ. ಆದರೆ ಬೇರೆಯವರ ಕೋಟು ಜೇಬಿನ ಬಳಿ, ತೋಳಿನ ತುದಿಯಲ್ಲಿ ಕೊಳೆಯಾದರೆ ಇವರ ಕೋಟು ಕೊಳೆಯಾಗುವುದು ಬೆನ್ನಿನಲ್ಲಿ ಮತ್ತು ಮಂಡಿಯ ಬಳಿ. ಜೇಬುಗಳು ಭಾರಕ್ಕೆ ಜೋತುಬಿದ್ದಿರುತ್ತವೆ: ಒಂದರಲ್ಲಿ ರೋಗಿಯ ಸೊಂಟಕ್ಕೆ ಕಟ್ಟುವ ಅಗಲವಾದ ಬಟ್ಟೆಯ ಪಟ್ಟಿ, ಇನ್ನೊಂದರಲ್ಲಿ ನಡಿಗೆಯ ಹೊತ್ತು ಅಳೆಯುವ ಸ್ಟಾಪ್‌ವಾಚು, ಸಣ್ಣ ಟಾರ್ಚು ಮತ್ತು ಯಾವ ಕಾಲದ್ದೋ ಪೆಪ್ಪರಮಿಂಟು.

ರೋಗಿಗಳು ಅವರಿಗಿಟ್ಟ ಹೆಸರು ‘ಚಪ್ಪಲಿ ಡಾಕ್ಟರು’. ಬಂದವರ ನಾಡಿ ಹಿಡಿಯುವ ಮೊದಲು ಅವರ ಚಪ್ಪಲಿ ಬಿಡಿಸಿ, ಬೋರಲು ಹಾಕಿ, ಹಸ್ತರೇಖೆ ನೋಡುವ ಜೋಯಿಸರಂತೆ ಅದರ ಅಟ್ಟೆಯನ್ನು ತದೇಕಚಿತ್ತದಿಂದ ಓದುತ್ತಾರೆ. ಬಲಗಡೆಯ ಅಂಚು ಸವೆದಿದೆಯೋ, ಬೆರಳ ತುದಿ ಸವೆದಿದೆಯೋ, ಹಿಮ್ಮಡಿಯ ಪಟ್ಟಿ ಕಿತ್ತುಹೋಗಿದೆಯೋ ಎಂಬುದರಿಂದ ಆ ಮನುಷ್ಯ ಕಾಲನ್ನು ಎತ್ತುತ್ತಿದ್ದಾನೋ ಎಳೆಯುತ್ತಿದ್ದಾನೋ ತಿಳಿಯುತ್ತದೆ. ತೀರ ಜಾರುವ ಚಪ್ಪಲಿಯಾದರೆ ಅದು ಮತ್ತೆ ಮನೆ ಸೇರುವುದಿಲ್ಲ. ಬೆಲೆಬಾಳುವ ಚಪ್ಪಲಿಯೊಂದನ್ನು ಹೀಗೆ ಕಳೆದುಕೊಂಡ ವಕೀಲರೊಬ್ಬರು, ನಲವತ್ತು ವರ್ಷ ನ್ಯಾಯಾಲಯದಲ್ಲಿ ವಾದಿಸಿದರೂ ಇಂಥ ಏಕಪಕ್ಷೀಯ ತೀರ್ಪನ್ನು ಕಂಡಿರಲಿಲ್ಲವೆಂದು ಹೇಳುತ್ತ ಆಸ್ಪತ್ರೆಯ ರಬ್ಬರು ಚಪ್ಪಲಿಯಲ್ಲಿ ಮನೆಗೆ ಹೋದರಂತೆ.

ಎಡವಿದ ಕಾಲೇ ಎಡವುವುದು ಎಂಬ ಗಾದೆ ನಮ್ಮ ಹಿರಿಯರದು. ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಆದ್ದರಿಂದ ಪರೀಕ್ಷೆಯ ಮೊದಲ ಪ್ರಶ್ನೆ, ಕಳೆದ ವರ್ಷ ಬಿದ್ದಿದ್ದಿರಾ ಎಂಬುದು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದವರ ವಂಶ ನಮ್ಮದು. ಅತ್ತಿಗೆಯ ಮುಂದೆ ಕುಳಿತು ‘ಬಿದ್ದೆ’ ಎಂದವರು ವಿರಳ. ಒಬ್ಬರು ಜಾರಿದ್ದರು, ಒಬ್ಬರು ಮುಗ್ಗರಿಸಿದ್ದರು, ಒಬ್ಬ ಅಜ್ಜಿ ‘ಹಾಗೇ ಕೂತುಬಿಟ್ಟಿದ್ದರು’, ಮತ್ತೊಬ್ಬರ ಪಾಲಿಗೆ ನೆಲವೇ ಮೇಲೆದ್ದು ಬಂದಿತ್ತು. ಈ ಪದಸಂಪತ್ತಿಗೆ ಬೆರಗಾಗಿ ಅತ್ತಿಗೆ ಪ್ರಶ್ನೆಯನ್ನೇ ಬದಲಿಸಿಕೊಂಡರು. ಈಗ ಅವರು ಕೇಳುವುದು, “ಹೋದ ವರ್ಷ ನೆಲದ ಹತ್ತಿರ ಎಷ್ಟು ಸಲ ಹೋಗಿ ಬಂದ್ರಿ?” ಎಂದು. ಇದಕ್ಕೆ ಜನ ಧಾರಾಳವಾಗಿ ಉತ್ತರಿಸುತ್ತಾರೆ.

ಆಮೇಲೆ ಕುರ್ಚಿಯಿಂದ ಕೈಯೂರದೆ ಏಳಿಸುತ್ತಾರೆ. ಹಳದಿ ಪಟ್ಟಿಯವರೆಗೆ ನಡೆಸಿ, ತಿರುಗಿಸಿ, ಮರಳಿ ಕೂರಿಸುತ್ತಾರೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡುತ್ತಾರೆ. ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸುತ್ತಾರೆ. ನಡೆಯುವಾಗ ಅರ್ಧ ಹೆಜ್ಜೆ ಹಿಂದಿನಿಂದ, ನಿನ್ನೆ ಮನೆಗೆ ಯಾರು ಬಂದಿದ್ದರು, ಏನು ಮಾತಾಡಿದರು ಎಂದು ಲೋಕಾಭಿರಾಮವಾಗಿ ವಿಚಾರಿಸುತ್ತಾರೆ. ಕೆಲವರು ನಡೆಯುತ್ತಲೇ ಉತ್ತರಿಸುತ್ತಾರೆ, ಕೆಲವರು ಉತ್ತರಿಸಲು ನಿಂತುಬಿಡುತ್ತಾರೆ. ಹಾಗೆ ನಿಲ್ಲುವವರ ನಡಿಗೆಗೆ ಮನಸ್ಸಿನ ಪೂರ್ತಿ ಗಮನವೇ ಬೇಕಾಗಿದೆ. ಬೀದಿಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೂ ಸಾಕು, ಅವರು ಆಯತಪ್ಪಿ ಬೀಳಬಹುದು. ಕ್ಷೇಮಸಮಾಚಾರವೇ ಪರೀಕ್ಷೆಯಾಗಿತ್ತೆಂಬುದು ಬಹಳ ಮಂದಿಗೆ ತಿಳಿಯುವುದೇ ಇಲ್ಲ.

ಅವರಿಗೆ ಕೇಳಿಸಿದರೆ ಆಗದ ಮಾತೊಂದಿದೆ: ‘ಹುಷಾರು’. ತಂದೆಯನ್ನೋ ತಾಯಿಯನ್ನೋ ಕರೆತಂದ ಮಕ್ಕಳು ಬಾಗಿಲಲ್ಲೇ ಹುಷಾರು, ಹುಷಾರು ಎಂದು ಜಪಿಸಲು ತೊಡಗಿದರೆ ಅತ್ತಿಗೆ ಗಂಭೀರವಾಗಿ ಕೇಳುತ್ತಾರೆ, “ಹುಷಾರು ಅಂದ್ರೆ ಯಾವ ಕಾಲು ಮೊದಲು?” ಹೆದರಿಸಬೇಡಿ, ಏನು ಮಾಡಬೇಕೋ ಅದನ್ನು ಹೇಳಿ ಎಂಬುದು ತಾತ್ಪರ್ಯ. ಇನ್ನೊಂದು ಹಟವೆಂದರೆ ಕಾಲೊರಸು, ಜಮಖಾನೆಗಳ ಮೇಲಿನ ಹಗೆ. ಯಾರ ಮನೆಗೆ ಹೋದರೂ ಅಂಚು ಮಡಚಿದ ಚಾಪೆ ಕಣ್ಣಿಗೆ ಬಿದ್ದರೆ ಮಾತಾಡುತ್ತ ಮಾತಾಡುತ್ತಲೇ ಅದನ್ನು ಸುರುಳಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿಬಿಡುತ್ತಾರೆ. ಅಣ್ಣನ ಮೇಲಧಿಕಾರಿಯ ಮನೆಯಲ್ಲಿ ಊಟಕ್ಕೆ ಕರೆದಿದ್ದಾಗ ಅವರ ನಡುಮನೆಯ ರತ್ನಗಂಬಳಿಗೂ ಇದೇ ಗತಿಯಾಯಿತು. ಅಣ್ಣ ಬೆವರಿದ. ಆ ಮನೆಯ ಮುದುಕಿ, ಅಧಿಕಾರಿಯ ತಾಯಿ, ಅಲ್ಲಿಯವರೆಗೆ ಗೋಡೆ ಹಿಡಿದೇ ಓಡಾಡುತ್ತಿದ್ದವರು, ನಡುಮನೆಯನ್ನು ಅಡ್ಡಲಾಗಿ ಹಾದು ಬಂದು ಅತ್ತಿಗೆಯ ಪಕ್ಕದಲ್ಲಿ ಊಟಕ್ಕೆ ಕುಳಿತರು.

ಇಷ್ಟೆಲ್ಲ ಬಲ್ಲ ಸೊಸೆಯಿಂದ ಪರೀಕ್ಷೆ ಮಾಡಿಸಿಕೊಳ್ಳಲು ಅಮ್ಮ ಮಾತ್ರ ಒಪ್ಪಲಿಲ್ಲ. ಸೊಸೆಯ ಮುಂದೆ ಪರೀಕ್ಷೆಗೆ ಕೂತು ನಪಾಸಾದರೆ ಆಮೇಲೆ ಅಡುಗೆಮನೆಯಲ್ಲಿ ತನ್ನ ಮಾತು ನಡೆಯುವುದು ಹೇಗೆ ಎಂಬುದು ಅವಳ ನಿಷ್ಠುರ ತರ್ಕ. ಅತ್ತಿಗೆ ಒತ್ತಾಯಿಸಲಿಲ್ಲ. ಸಕ್ಕರೆ ಡಬ್ಬಿ ಕೆಳಗಿನ ಗೂಡಿನಿಂದ ಮೇಲಿನ ಗೂಡಿಗೆ ಹೋಯಿತು, ಅಲ್ಲಿಂದ ಮತ್ತೆ ಕೆಳಕ್ಕೆ ಬಂತು. ಅಮ್ಮನ ಮೆತ್ತನೆಯ ಆರಾಮಕುರ್ಚಿಯ ಜಾಗದಲ್ಲಿ ತುಸು ಗಟ್ಟಿ ಕುರ್ಚಿ ಬಂತು. ಬಚ್ಚಲಲ್ಲಿ ಕಂಬಿ ಬಂತು. ಅದು ಟವೆಲ್ಲಿಗೆ ಎಂದರು. ಸಂಜೆಯ ತಿರುಗಾಟದಲ್ಲಿ ಸೊಸೆ ಅಷ್ಟೊಂದು ಪ್ರಶ್ನೆ ಕೇಳುವುದು ತನ್ನ ಹಳೆಯ ಕತೆಗಳ ಮೇಲಿನ ಪ್ರೀತಿಯಿಂದ ಎಂದೇ ಅಮ್ಮ ನಂಬಿದ್ದಳು. ವರ್ಷ ಕಳೆದ ಮೇಲೆ ಒಂದು ದಿನ, ನಿಮ್ಮ ಕಾಲು ಹೋದ ವರ್ಷಕ್ಕಿಂತ ಗಟ್ಟಿಯಾಗಿದೆ ಅತ್ತೆ ಎಂದು ಅತ್ತಿಗೆ ಬಾಯಿತಪ್ಪಿ ಹೇಳಿದಾಗ ಗುಟ್ಟು ರಟ್ಟಾಯಿತು. ಅಮ್ಮ ಆ ಹೊತ್ತು ಮುಖ ಊದಿಸಿಕೊಂಡು ಕೂತಳು. ಮರುದಿನ ಬೆಳಿಗ್ಗೆ ಕಾಂಪೌಂಡಿನ ಆಚೆಯ ನೆರೆಯವಳಿಗೆ, ತಾನು ಪಾಸಾದದ್ದನ್ನು, ಅದೂ ಓದಿಕೊಳ್ಳದೆ ಪಾಸಾದದ್ದನ್ನು ಕೂಗಿ ಹೇಳುತ್ತಿದ್ದಳು.

ಆದರೆ ಅತ್ತಿಗೆಯ ಎದೆಗಾರಿಕೆ ಎಂಥದೆಂದು ನನಗೆ ತಿಳಿದದ್ದು ಬ್ಯಾಂಡ್ ಮಾಸ್ತರರ ಪ್ರಕರಣದಲ್ಲಿ.

ಮಾಸ್ತರರು ಊರಿನ ವಾದ್ಯವೃಂದವನ್ನು ಒಂದು ತಲೆಮಾರಿನಷ್ಟು ಕಾಲ ನಡೆಸಿದವರು. ಎತ್ತರದ ಆಳು, ತಿದ್ದಿ ತೀಡಿದ ಬಿಳಿ ಮೀಸೆ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಮಗಳು ಔಷಧಿ ಅಂಗಡಿ ನಡೆಸುವವಳು, ತಂದೆಯೆಂದರೆ ಪ್ರಾಣ. ಅವರು ಎರಡು ಸಲ ಬಿದ್ದದ್ದೇ ತಡ, ಅವರ ಬೂಟುಗಳನ್ನು ಅಟ್ಟದ ಮೇಲಿಟ್ಟು, ಕಿಟಕಿಯ ಪಕ್ಕದಲ್ಲೊಂದು ಕುರ್ಚಿ ಹಾಕಿ, ಬೇಕಾದ್ದೆಲ್ಲ ಕೈಗೇ ಬರುವಂತೆ ಏರ್ಪಾಡು ಮಾಡಿದ್ದಳು. ಅಷ್ಟರಲ್ಲಿ ವಾದ್ಯವೃಂದದ ವಾರ್ಷಿಕೋತ್ಸವ ಬಂತು. ಮಾಸ್ತರರೇ ಬಂದು ಒಂದು ಕೃತಿಯನ್ನಾದರೂ ನಡೆಸಿಕೊಡಬೇಕೆಂದು ಶಿಷ್ಯರು ಕೇಳಿದರು. ಕುರ್ಚಿಯಲ್ಲಿ ಕೂತು ನಡೆಸಲಿ ಎಂದಳು ಮಗಳು. ಕೂತು ಬ್ಯಾಂಡು ನಡೆಸುವುದೂ ಒಂದೇ, ಮಲಗಿ ಓಡುವುದೂ ಒಂದೇ ಎಂದು ಮಾಸ್ತರರು ಮಗಳೊಡನೆ ಮಾತು ಬಿಟ್ಟರು. ಮೂರನೆಯ ದಿನ ಮಗಳು ಅವರನ್ನು ಅತ್ತಿಗೆಯ ಕೋಣೆಗೆ ಕರೆತಂದಳು; ಅವರು ಹೊರಗೆ ಕೂತಿರುವಾಗ ಒಳಗೆ ಬಂದು, “ನೀವೇ ಹೇಳ್ಬಿಡಿ ಮೇಡಂ, ಇನ್ನು ನಿಲ್ಲೋ ಹಾಗಿಲ್ಲ ಅಂತ. ನಿಮ್ಮ ಮಾತಾದ್ರೆ ಕೇಳ್ತಾರೆ” ಎಂದು ಕೈಹಿಡಿದು ಬೇಡಿಕೊಂಡಳು.

“ನೋಡದೆ ಹೇಳಲ್ಲ. ನೋಡಿದ್ಮೇಲೆ ಏನು ಕಾಣುತ್ತೋ ಅದನ್ನೇ ಹೇಳ್ತೀನಿ” ಎಂದರು ಅತ್ತಿಗೆ.

ಕಂಡದ್ದು ಇಷ್ಟು. ಹೆಂಡತಿ ಹೋದ ದುಃಖದಲ್ಲಿ ಆರಂಭಿಸಿದ ನಿದ್ದೆಮಾತ್ರೆ ನಿಂತೇ ಇರಲಿಲ್ಲ. ಅದರ ಮಂಪರು ಮಧ್ಯಾಹ್ನದವರೆಗೂ ಕಾಲಲ್ಲಿ ಇರುತ್ತಿತ್ತು. ಎದ್ದು ನಿಂತೊಡನೆ ರಕ್ತದೊತ್ತಡ ಕುಸಿಯುತ್ತಿತ್ತು. ಹೊಸದಾಗಿ ಕೊಂಡ ಎರಡು ಭಾಗದ ಕನ್ನಡಕದ ಕೆಳಭಾಗ ಓದಲು ಸರಿ, ಮೆಟ್ಟಿಲಿನ ಅಂಚನ್ನು ಮಾತ್ರ ಮಸುಕು ಮಾಡುತ್ತಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕೂತು ತೊಡೆಗಳು ಸೊರಗಿದ್ದವು. ಬೀಳಬಾರದೆಂದು ಹಾಕಿದ ಕುರ್ಚಿಯೇ ಬೀಳುವ ದಾರಿಯನ್ನು ಹಸನು ಮಾಡುತ್ತಿತ್ತು. ಅಪಾಯ ದೊಡ್ಡದೇ ಇದೆ ಎಂದು ಅತ್ತಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಜೊತೆಗೆ, ಆ ಅಪಾಯದ ಬಹುಪಾಲನ್ನು ಇಳಿಸಬಹುದೆಂದೂ, ಸಮಯ ಕೊಟ್ಟರೆ ಮಾಸ್ತರರನ್ನು ವಾದ್ಯವೃಂದದ ಎದುರಿನ ಪೀಠದ ಮೇಲೆ ನಿಲ್ಲಿಸಬಹುದೆಂದೂ ಹೇಳಿದರು. ಮಗಳ ಮುಖ ಕಪ್ಪಿಟ್ಟಿತು. ಮಾಸ್ತರರು ಮೊದಲ ಸಲ ಮೀಸೆ ತಿರುವಿದರು.

ವೈದ್ಯರು ನಿದ್ದೆಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು, ಒತ್ತಡದ ಮಾತ್ರೆಯನ್ನು ತಗ್ಗಿಸಿದರು; ನಡೆದಾಡಲು ಬೇರೆ ಕನ್ನಡಕ ಬಂತು; ಬೂಟುಗಳು ಅಟ್ಟದಿಂದ ಇಳಿದವು. ಕುರ್ಚಿಯಿಂದ ಎದ್ದು ಕೂರುವ ಕಸರತ್ತನ್ನು ಮಾಸ್ತರರು ಬ್ಯಾಂಡಿನ ನಡಿಗೆಗೀತೆಯ ಲಯಕ್ಕೆ ಹೊಂದಿಸಿಕೊಂಡರು. ವಾದ್ಯದವರನ್ನು ನಡೆಸಲು ಕೈಬೀಸುವ ಅಭ್ಯಾಸ ಮೊದಲು ನೆಲದ ಮೇಲೆ, ಆಮೇಲೆ ಹಲಗೆಯ ಮೇಲೆ, ಆಮೇಲೆ ಆ ಎಲ್ಲಿಗೂ ಹೋಗದ ಮೆಟ್ಟಿಲಿನ ಮೇಲೆ ನಡೆಯಿತು. ಬೆನ್ನ ಹಿಂದೆ ಅತ್ತಿಗೆ ಇರುವುದು ಅವರಿಗೆ ಅವಮಾನವೆನಿಸುತ್ತಿತ್ತು. ಹಿಡಿದುಕೊಳ್ಳಬೇಡಿ ಎಂದು ಗದರಿದರೆ, “ಹಿಡ್ಕೊಂಡಿಲ್ಲ ಮಾಸ್ತರೇ, ಕೈ ಹತ್ರ ಇಟ್ಕೊಂಡಿದೀನಿ ಅಷ್ಟೆ” ಎಂಬ ಉತ್ತರ ಬರುತ್ತಿತ್ತು.

ನಿಜವಾದ ಜಗಳ ನಡೆದದ್ದು ನೆಲದ ಪಾಠದಂದು. ಬಿದ್ದರೆ ಏಳುವುದು ಹೇಗೆಂದು ಕಲಿಸಲು ಅತ್ತಿಗೆ ಮೆತ್ತೆ ಹಾಸಿ ಮಲಗಿರೆಂದಾಗ, ನಿಲ್ಲಿಸುತ್ತೇನೆಂದು ಕರೆದು ನೆಲಕ್ಕೆ ಹಾಕುತ್ತೀರಾ ಎಂದು ಮಾಸ್ತರರು ಕೆರಳಿದರು. ಅತ್ತಿಗೆ ಕೋಟಿನ ಸಮೇತ ನೆಲದ ಮೇಲೆ ಅಂಗಾತ ಮಲಗಿದರು, ಮಗ್ಗುಲಿಗೆ ಹೊರಳಿದರು, ಮೊಣಕೈಯೂರಿ, ಅಂಗೈಯೂರಿ, ಮಂಡಿಗಾಲಿಗೆ ಬಂದರು, ಕುರ್ಚಿಯವರೆಗೆ ಅಂಬೆಗಾಲಿಟ್ಟು ಹೋಗಿ, ಅದರ ಮೇಲೆ ಕೈಯಿಟ್ಟು, ಗಟ್ಟಿ ಕಾಲನ್ನು ಮುಂದೆ ಊರಿ ಎದ್ದು ಕೂತರು. ಕೂದಲೆಲ್ಲ ಕೆದರಿತ್ತು. “ನೆಲದ ಪರಿಚಯ ಇದ್ರೆ ನೆಲದ ಭಯ ಇರಲ್ಲ. ಬನ್ನಿ” ಎಂದರು. ಆ ಕೋಣೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ಮುದುಕ ಮುದುಕಿಯರೆಲ್ಲ ನೋಡುತ್ತಿದ್ದರು. ಮಾಸ್ತರರು ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟು, ಮೆತ್ತೆಯ ಮೇಲೆ ಮಂಡಿಯೂರಿದರು.

ವಾರ್ಷಿಕೋತ್ಸವಕ್ಕೆ ನಾನೂ ಅಮ್ಮನೂ ಹೋಗಿದ್ದೆವು. ಪೀಠವನ್ನು ಅಗಲ ಮಾಡಿಸಿ ಹಿಂದೊಂದು ಕಂಬಿ ಹಾಕಿಸಿದ್ದರು. ಅತ್ತಿಗೆ ಎಲ್ಲಿಯೂ ಕಾಣಲಿಲ್ಲ. ಆಮೇಲೆ ನೋಡಿದರೆ ದೊಡ್ಡ ನಗಾರಿಯ ಮಗ್ಗುಲಲ್ಲಿ, ವಾದ್ಯದವರ ಸಮವಸ್ತ್ರದ ಬಣ್ಣಕ್ಕೆ ಹೊಂದುವ ನೀಲಿ ಬಟ್ಟೆ ಉಟ್ಟು, ಖಾಲಿ ಕೈಯಲ್ಲಿ ನಿಂತಿದ್ದರು. ಮಾಸ್ತರರು ಹತ್ತಿದರು, ಒಂದು ಕ್ಷಣ ನಿಂತು ತಲೆ ತಿಳಿಯಾಗಲು ಬಿಟ್ಟರು, ಕೈಯೆತ್ತಿದರು. ಕಹಳೆಗಳು ಮೊಳಗಿದವು. ನನಗೆ ಸಂಗೀತದ ಗುಣದೋಷ ತಿಳಿಯದು. ಆದರೆ ಆ ಮುಪ್ಪಿನ ದೇಹ ಗಾಳಿಗೆ ತೂಗುವ ಧ್ವಜದಂತೆ ಆ ಬದಿಗೊಮ್ಮೆ ಈ ಬದಿಗೊಮ್ಮೆ ಬಾಗಿ, ಪ್ರತಿ ಸಲವೂ ತನ್ನ ನಡುವಿಗೆ ತಾನೇ ಮರಳುತ್ತಿದ್ದುದನ್ನು ಕಂಡು ಕಣ್ಣು ತೇವವಾಯಿತು. ಕೊನೆಗೆ ಸಭೆಗೆ ನಮಿಸಲು ತಿರುಗಬೇಕಾಗಿತ್ತು. ತಿರುಗುವಾಗಲೇ ಬೀಳುವುದು ಹೆಚ್ಚು. ಅಮ್ಮ ನನ್ನ ತೋಳನ್ನು ಹಿಂಡುತ್ತಿದ್ದಳು. ಮಾಸ್ತರರು ಗಿರಕ್ಕನೆ ತಿರುಗಲಿಲ್ಲ. ಕಲಿತಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು, ರಾಜಠೀವಿಯಲ್ಲಿ ತಿರುಗಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕತೆ ಇಲ್ಲಿಗೇ ಮುಗಿದಿದ್ದರೆ ಹೇಳುವುದೇನೂ ಇರಲಿಲ್ಲ. ಕೆಲವು ವಾರಗಳ ನಂತರ ಮಾಸ್ತರರು ಮನೆಯಲ್ಲಿ ಬಿದ್ದರು. ಮಗಳು ಅಂಗಡಿಯಲ್ಲಿದ್ದಾಗ ಫೋನು ಬಡಿದುಕೊಂಡಿತು, ಅವರು ಅವಸರದಲ್ಲಿ ಮನೆಯೊಳಗಿನ ಓಣಿಯ ತಿರುವಿನಲ್ಲಿ ಸರಕ್ಕನೆ ತಿರುಗಿದರು, ಕಾಲಿಗೆ ಕಾಲು ತೊಡರಿತು. ಮಗಳು ಮರುದಿನ ಬಿರುಗಾಳಿಯಂತೆ ಬಂದಳು. ಅಂದು ಅತ್ತಿಗೆಗೆ ಊಟದ ಬುತ್ತಿ ತಲುಪಿಸಲೆಂದು ನಾನು ಅಲ್ಲಿದ್ದೆ. ಕಾಯುತ್ತಿದ್ದವರೆಲ್ಲರ ಎದುರು ಅವಳು ಕೇಳಿದಳು:

“ಬೀಳಲ್ಲ ಅಂದಿದ್ರಲ್ಲ ನೀವು?”

“ಬೀಳಲ್ಲ ಅಂತ ನಾನು ಯಾರಿಗೂ ಹೇಳಿಲ್ಲಮ್ಮ. ಕಡಿಮೆ ಬೀಳ್ತಾರೆ ಅಂದೆ. ಬಿದ್ರೂ ಏಳ್ತಾರೆ ಅಂದೆ. ಹೇಗೆ ಎದ್ರು?”

ಮಗಳ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಬಾಯಿ ಹಾಕಿದರು. ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು, ಕೆನ್ನೆ ನೀಲಿಗಟ್ಟಿತ್ತು, ಮೀಸೆ ಎಂದಿನಂತೆ ತೀಡಿತ್ತು. “ಹೊರಳ್ದೆ, ಮಂಡಿಗೆ ಬಂದೆ, ಮಂಚ ಹಿಡಿದೆ, ಎದ್ದು ಕೂತೆ. ಆಮೇಲೆ ನಾನೇ ಇವಳಿಗೆ ಫೋನ್ ಮಾಡ್ದೆ. ಮೊದಲ ಸಲ ಬಿದ್ದಾಗ ಇವಳು ಬರೋವರೆಗೂ ನೆಲದ ಮೇಲೇ ಇದ್ದೆ ಮೇಡಂ, ಅರ್ಧ ದಿನ. ಅದನ್ನ ಯಾರಿಗೂ ಹೇಳಿರ್ಲಿಲ್ಲ.”

ಮಗಳಿಗೂ ಅದು ಗೊತ್ತಿರಲಿಲ್ಲ. ಆಗಷ್ಟೇ ಬಿದ್ದೆನೆಂದು ಅವರು ಅವಳಿಗೆ ಹೇಳಿದ್ದರಂತೆ. ಅವಳು ಅಲ್ಲೇ ಇದ್ದ ಮರದ ಕುರ್ಚಿಯಲ್ಲಿ ಕುಸಿದು ಕೂತು ಬಿಕ್ಕಿದಳು. ಅತ್ತಿಗೆ ಗೆದ್ದವರಂತೆ ಬೀಗಲಿಲ್ಲ, ಸಮಾಧಾನದ ನಾಲ್ಕು ಮಾತನ್ನೂ ಹೇಳಲಿಲ್ಲ. ಅವಳ ಅಳು ತಗ್ಗಿದ ಮೇಲೆ, ಸಂಜೆ ಬಂದು ಆ ಓಣಿಯನ್ನು ನೋಡಬಹುದೇ ಎಂದು ಕೇಳಿದರು. ಹೋಗಿ, ಫೋನಿರುವ ಜಾಗವನ್ನೂ ತಿರುವನ್ನೂ ನೋಡಿ, ತಾವೇ ಮೂರ್ನಾಲ್ಕು ಸಲ ನಡೆದು ಬಂದು, ಫೋನ್ ಎಲ್ಲಿದೆ ಅಂತ ನಾನು ಮೊದಲೇ ಕೇಳಬೇಕಿತ್ತು ಎಂದು ಒಪ್ಪಿಕೊಂಡರು. ಫೋನು ಮಾಸ್ತರರ ಜೇಬಿಗೆ ಬಂತು. ಕಿಟಕಿ ಪಕ್ಕದ ಕುರ್ಚಿಯನ್ನು ಮಗಳೇ ಔಷಧಿ ಅಂಗಡಿಗೆ ಸಾಗಿಸಿದಳು. ಮಾಸ್ತರರು ಈಗ ವಾರಕ್ಕೊಮ್ಮೆ ನಡೆದೇ ಹೋಗಿ ಹೊಸ ವಾದಕರಿಗೆ ಪಾಠ ಹೇಳುತ್ತಾರೆ. ಮಗಳು ಒಮ್ಮೊಮ್ಮೆ ಜೊತೆಗೂಡುತ್ತಾಳೆ, ಅವರ ಕೈಹಿಡಿಯದೆ.

ವಯಸ್ಸಾದವರನ್ನು ಪ್ರೀತಿಸುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರ ಪ್ರೀತಿ ಹಿರಿಯರನ್ನು ಗಾಜಿನ ಸಾಮಾನಿನಂತೆ ಹತ್ತಿಯಲ್ಲಿ ಸುತ್ತಿಡುತ್ತದೆ. ಒಡೆಯದಿದ್ದರೆ ಸಾಕು ಎನ್ನುತ್ತದೆ. ಅಪಾಯವನ್ನು ಕಣ್ಣಿಟ್ಟು ಅಳೆದು, ಇಷ್ಟಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಇನ್ನು ನಡೆಯಿರಿ ಎನ್ನುವ ಪ್ರೀತಿ ಅಪರೂಪದ್ದು. ಅದಕ್ಕೆ ಕರುಣೆಯಷ್ಟೇ ಲೆಕ್ಕಾಚಾರವೂ ಬೇಕು, ಬಯ್ಗುಳ ತಿನ್ನುವ ಧೈರ್ಯವೂ ಬೇಕು. ಬಿದ್ದವರನ್ನು ಎತ್ತಿದವರ ಹೆಸರು ಊರಿಗೆಲ್ಲ ತಿಳಿಯುತ್ತದೆ. ಬೀಳದೆ ಉಳಿದವರಿಗೆ ತಾವು ಉಳಿದೆವೆಂಬುದೇ ತಿಳಿಯುವುದಿಲ್ಲ. ಹಾಗಾಗಿ ಈ ಜಾತಿಯ ಜನಕ್ಕೆ ಋಣಿಯಾದವರು ಎಷ್ಟು ಮಂದಿಯೆಂದು ಯಾರೂ ಹೇಳಲಾರರು. ಅವರ ದುಡಿಮೆಯ ಫಲ ಇಷ್ಟೇ: ಈ ಊರಿನ ಎಷ್ಟೋ ಮನೆಗಳಲ್ಲಿ ಇವತ್ತು ಬೆಳಿಗ್ಗೆ ಏನೂ ನಡೆಯಲಿಲ್ಲ; ಒಬ್ಬ ಮುದುಕಿ ಹಾಸಿಗೆಯಿಂದ ಎದ್ದಳು, ಬಾಗಿಲು ತೆಗೆದಳು, ಬಿಸಿಲಿಗೆ ಬಂದು ನಿಂತಳು.